ಹಳೆಯ ಆಟಿಕೆ ರೈಲುಗಳಿಗೆ ಬೆಲೆ ಕಟ್ಟುವ ಅಂತರ್ಜಾಲ ಸೇವೆ: ಗುರುತಿಸುವುದರಲ್ಲಿ ಗಟ್ಟಿ, ಬೆಲೆಯಲ್ಲಿ ಸಡಿಲ

ಹಳೆಯ ಆಟಿಕೆ ರೈಲುಗಳ ಛಾಯಾಚಿತ್ರಗಳನ್ನು ಕಳುಹಿಸಿದರೆ ಅವು ಯಾವ ಕಂಪನಿಯವು, ಯಾವ ಕಾಲದವು, ಇಂದು ಎಷ್ಟು ಬೆಲೆ ಬಾಳುತ್ತವೆ ಎಂಬುದನ್ನು ಲಿಖಿತ ವರದಿಯ ರೂಪದಲ್ಲಿ ತಿಳಿಸುವ ಅಂತರ್ಜಾಲ ಸೇವೆಗಳಿವೆ. ಅಂಥದೊಂದು ಸೇವೆಯನ್ನು ಶುಲ್ಕ ಕೊಟ್ಟು ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಹೊಗಳಿಕೆಯ ಜೊತೆಗೆ ದೂರುಗಳೂ ಇರುವುದರಿಂದ ಸಂಸ್ಥೆಯ ಹೆಸರನ್ನು ಹೇಳುವುದಿಲ್ಲ. ಇದೇ ರೀತಿಯಲ್ಲಿ ಕೆಲಸ ಮಾಡುವ ಬೇರೆ ಯಾವುದೇ ಸೇವೆಯನ್ನು ಪರೀಕ್ಷಿಸುವವರಿಗೂ ಈ ಮಾತುಗಳು ಅನ್ವಯಿಸುತ್ತವೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುವುದಾದರೆ, ವಸ್ತುವನ್ನು ಗುರುತಿಸುವ ಕೆಲಸದಲ್ಲಿ ಈ ಸೇವೆ ಕೊಟ್ಟ ಹಣಕ್ಕೆ ಮೋಸ ಮಾಡುವುದಿಲ್ಲ, ಬೆಲೆ ಕಟ್ಟುವ ಕೆಲಸದಲ್ಲಿ ಮಾತ್ರ ಕೊಟ್ಟ ಹಣದ ಅರ್ಧದಷ್ಟೇ ಕೆಲಸ ಮಾಡುತ್ತದೆ.

ನಾನು ಕಳುಹಿಸಿದ್ದು ಅಮೆರಿಕದ ಲಯನೆಲ್ ಕಂಪನಿಯ ಒಂದು ವಿದ್ಯುತ್ ರೈಲಿನ ಸೆಟ್, ಇಂಗ್ಲೆಂಡಿನ ಹಾರ್ನ್‌ಬಿ ಡಬ್ಲೋ ಶ್ರೇಣಿಯ ಒಂದು ಎಂಜಿನ್, ಅದೇ ಹಾರ್ನ್‌ಬಿಯ 1930ರ ದಶಕದ ಕೀಲಿ ಕೊಟ್ಟು ಓಡಿಸುವ ಒಂದು ಎಂಜಿನ್ ಮತ್ತು ಹೆಸರೇ ಕಾಣದ ಒಂದು ತಗಡಿನ ಬೋಗಿ. ಸಾಧಾರಣವಾದದ್ದು, ತುಸು ಅಪರೂಪದ್ದು, ಹಾಳಾಗುತ್ತಿರುವುದು, ಊರು ಹೆಸರು ಇಲ್ಲದ್ದು ಎಂದು ನಾಲ್ಕು ಬಗೆಯ ಪ್ರಶ್ನೆಗಳು ಇದರಿಂದ ಒಟ್ಟಿಗೆ ಅವರ ಮುಂದೆ ಬಂದವು.

ಸೇವೆಯ ಅತ್ಯುತ್ತಮ ಭಾಗವೆಂದರೆ ಆರಂಭದಲ್ಲಿ ತುಂಬಿಸಿಕೊಳ್ಳುವ ಅರ್ಜಿ. ಕಂಪನಿಯ ಹೆಸರೇನು ಎಂದು ಅದು ಮೊದಲು ಕೇಳುವುದಿಲ್ಲ. ಹಳಿಗಳ ಒಳಅಂಚುಗಳ ನಡುವಿನ ಅಂತರ ಎಷ್ಟು ಮಿಲಿಮೀಟರ್ ಎಂದು ಕೇಳುತ್ತದೆ. ಇದು ಸರಿಯಾದ ಕ್ರಮ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಆಟಿಕೆ ರೈಲುಗಳಿಗೆ ಅಂಕಿಗಳ ಗೇಜ್ (ಹಳಿಗಳ ನಡುವಿನ ಅಂತರದ ಅಳತೆ) ಪದ್ಧತಿಯನ್ನು ಮುಂದಿಟ್ಟ ನಂತರ ಅಳತೆ ಎಂಬುದು ವಂಶವೃಕ್ಷವನ್ನು ಹಿಡಿಯುವ ಮೊದಲ ಸುಳಿವಾಯಿತು. 45 ಮಿ.ಮೀ. ಇದ್ದರೆ 1 ಗೇಜ್, 32 ಮಿ.ಮೀ. ಇದ್ದರೆ 0 ಗೇಜ್, 16.5 ಮಿ.ಮೀ. ಇದ್ದರೆ ಎಚ್‌ಓ ಅಥವಾ ಇಂಗ್ಲೆಂಡಿನ ಡಬಲ್ ಓ. ಸುಮಾರು 54 ಮಿ.ಮೀ. ಬಂದರೆ ಲಯನೆಲ್ 1906ರಲ್ಲಿ ಹೊರತಂದು ತಾನೇ 'ಸ್ಟ್ಯಾಂಡರ್ಡ್' ಎಂದು ಹೆಸರಿಟ್ಟುಕೊಂಡ ಗೇಜ್ ಅದು ಎಂದು ಊಹಿಸಬಹುದು, ಸುಮಾರು 22.5 ಮಿ.ಮೀ. ಬಂದು ಹಳಿಗಳು ಎರಡೇ ಇದ್ದರೆ ಎರಡನೆಯ ಮಹಾಯುದ್ಧದ ನಂತರದ ಅಮೆರಿಕನ್ ಫ್ಲೈಯರ್ ಎಂಬ ಹೆಸರಿನ ಆಟಿಕೆ ರೈಲುಗಳ ಕಡೆಗೆ ಕಣ್ಣು ಹೋಗಬೇಕು. ಹಳಿ ಕಳೆದುಹೋಗಿದ್ದರೆ ಚಕ್ರಗಳ ಅಂಚುಗಳ ನಡುವಿನ ಅಂತರವನ್ನು ಅಳೆಯುವ ಬಗೆಯನ್ನೂ ಅರ್ಜಿ ಚಿತ್ರ ಸಹಿತ ವಿವರಿಸುತ್ತದೆ.

ಆನಂತರ ಕೇಳುವ ಚಿತ್ರಗಳ ಪಟ್ಟಿಯೂ ತಿಳಿದವರು ಮಾಡಿದ್ದು. ನಾವು ಸಾಮಾನ್ಯವಾಗಿ ಎಂಜಿನ್ನಿನ ಪಕ್ಕದ ಚೆಂದದ ನೋಟವನ್ನೇ ತೆಗೆಯುತ್ತೇವೆ. ಇವರಿಗೆ ಬೇಕಾದದ್ದು ತಳಭಾಗ, ಎರಡೂ ತುದಿಯ ಕೊಂಡಿಗಳು, ಚಕ್ರಗಳ ಒಳಮೈ, ಚಾಲಕನ ಕೋಣೆಯ ಕಿಟಕಿಯ ಕೆಳಗಿನ ಅಂಕಿ, ಪೆಟ್ಟಿಗೆಯ ತುದಿಗಳು. ಕೊಂಡಿಯೊಂದೇ ಎಷ್ಟೋ ಬಾರಿ ದಶಕವನ್ನು ಹೇಳಿಬಿಡುತ್ತದೆ. ಲಯನೆಲ್ ರೈಲುಗಳಲ್ಲಿ ನಿಜವಾದ ರೈಲಿನ ಹಾಗೆ ಬೆರಳು ಮಡಿಸಿ ಹಿಡಿದಂತೆ ಕಾಣುವ ಕೊಂಡಿ ಬಂದದ್ದು 1945ರಲ್ಲಿ; ಅದಕ್ಕೂ ಹಿಂದಿನವು ಬೇರೆ ರೂಪದವು. ಆದ್ದರಿಂದ ಯುದ್ಧಪೂರ್ವದ್ದು ಎಂದು ಮಾರುವ ರೈಲು ಡಬ್ಬಿಗೆ ಆ ಕೊಂಡಿ ಇದ್ದರೆ, ಒಂದೋ ಮಾರುವವನ ಮಾತು ತಪ್ಪು, ಇಲ್ಲವೇ ಯಾರೋ ಬೋಗಿಯ ಕೆಳಗಿನ ಭಾಗವನ್ನೇ ಬದಲಿಸಿದ್ದಾರೆ.

ತಗಡಿನ ಬೋಗಿಯ ವಿಷಯದಲ್ಲಿ ಈ ಪಟ್ಟಿಯ ಫಲ ನೇರವಾಗಿ ಕಂಡಿತು. ಅದರ ತಳದಲ್ಲಿ ಬೆರಳಿನ ಉಗುರಿಗಿಂತ ಚಿಕ್ಕದಾದ, ಅರ್ಧ ಅಳಿಸಿದ ಒಂದು ಮುದ್ರೆ ಇತ್ತು. ಓರೆಯಾಗಿ ಬೆಳಕು ಬಿಟ್ಟು ತೆಗೆದ ಚಿತ್ರವನ್ನು ನೋಡಿ ಅದು 'ಜಿಬಿಎನ್' ಎಂದು ಅವರು ಓದಿದರು. ಅದು ನ್ಯೂರೆಂಬರ್ಗಿನ ಬಿಂಗ್ ಸಹೋದರರ ಗುರುತು. ಮೊದಲ ಮಹಾಯುದ್ಧದ ನಂತರ ಆ ಕಂಪನಿಯ ವಸ್ತುಗಳ ಮೇಲೆ 'ಬಿಡಬ್ಲ್ಯು' ಎಂಬ ಗುರುತು ಬರತೊಡಗಿತು, 1930ರ ದಶಕದ ಆರಂಭದಲ್ಲಿ ಕಂಪನಿಯೇ ಮುಚ್ಚಿಹೋಯಿತು. ಹಾಗಾಗಿ ಬೋಗಿ ಆ ಯುದ್ಧಕ್ಕೂ ಹಿಂದಿನದು ಅಥವಾ ಅದರ ಆಸುಪಾಸಿನದು ಎಂಬ ಅವರ ತರ್ಕವನ್ನು ಒಪ್ಪಲು ನನಗೆ ಅಡ್ಡಿಯಿಲ್ಲ. ತಯಾರಾದ ದೇಶದ ಹೆಸರನ್ನೂ ಇದೇ ರೀತಿ ಬಳಸಿಕೊಳ್ಳಬಹುದು ಎಂದು ವರದಿ ಸೇರಿಸಿತ್ತು: ಬರೀ 'ಜರ್ಮನಿ' ಎಂದಿರುವುದಕ್ಕೂ, ಅಮೆರಿಕದ ಆಡಳಿತ ವಲಯದ ಜರ್ಮನಿ ಎಂದಿರುವುದಕ್ಕೂ, ಪಶ್ಚಿಮ ಜರ್ಮನಿ ಎಂದಿರುವುದಕ್ಕೂ ನಡುವೆ ಒಂದು ಯುದ್ಧ ಮತ್ತು ಒಂದು ದೇಶವಿಭಜನೆ ಇದೆ.

ಲಯನೆಲ್ ಸೆಟ್ಟಿನ ವರದಿ ಇನ್ನೂ ಚೆನ್ನಾಗಿತ್ತು. ಎಂಜಿನ್ನಿನ ಕಿಟಕಿಯ ಕೆಳಗೆ 2037 ಎಂದು ಒತ್ತಿದ್ದರಿಂದ ಅದನ್ನು ಗುರುತಿಸುವುದು ಕಷ್ಟವಲ್ಲ. 1953ರಿಂದ 1960ರ ದಶಕದ ಆರಂಭದವರೆಗೆ, ನಡುವೆ ಒಂದು ಬಿಡುವಿನೊಂದಿಗೆ, ಕಂಪನಿಯ ಕ್ಯಾಟಲಾಗಿನಲ್ಲಿದ್ದ ಎಂಜಿನ್ ಅದು. ಅತಿ ಹೆಚ್ಚು ಮನೆಗಳಿಗೆ ಹೋದವುಗಳಲ್ಲಿ ಒಂದು. ಕಷ್ಟ ಬರುವುದು ಡಬ್ಬಿಗಳಲ್ಲಿ. ನನ್ನ ಸೆಟ್ಟಿನ ಮೇಲ್ಭಾಗ ತೆರೆದ ಉದ್ದನೆಯ ಸರಕು ಡಬ್ಬಿಯ ಪಕ್ಕದಲ್ಲಿ ಹೊಸತು ಎಂಬ ಅರ್ಥದ ಇಂಗ್ಲಿಷ್ ಪದದ ಜೊತೆಗೆ 2-49 ಎಂಬ ಅಂಕಿ ಅಚ್ಚಾಗಿದೆ. ಎಷ್ಟೋ ಮಾರಾಟಗಾರರು ಇದನ್ನು ನೋಡಿ 'ಫೆಬ್ರವರಿ 1949ರ ಡಬ್ಬಿ' ಎಂದು ಬರೆದುಬಿಡುತ್ತಾರೆ. ಅದು ನಿಜವಾದ ರೈಲಿನ ಡಬ್ಬಿಗಳ ಮೇಲಿರುವ ಬರಹದ ಅನುಕರಣೆ ಮಾತ್ರ. 6462 ಎಂಬ ಆ ಡಬ್ಬಿಯನ್ನು ಕಂಪನಿ ಅದೇ ಬರಹದೊಂದಿಗೆ ಆನಂತರವೂ ಹಲವು ವರ್ಷ ಹೊರತಂದಿತು. ತಳಕ್ಕೆ ಅಂಟಿಸಿದ ಫಲಕದಲ್ಲಿರುವ ಪೇಟೆಂಟ್ ಅಂಕಿಗಳೂ ಹಾಗೆಯೇ, ಆ ಯಂತ್ರಭಾಗದ ಹಕ್ಕು ಯಾವಾಗ ಸಿಕ್ಕಿತು ಎಂಬುದನ್ನು ಹೇಳುತ್ತವೆಯೇ ಹೊರತು ಕೈಯಲ್ಲಿರುವ ವಸ್ತು ಯಾವಾಗ ತಯಾರಾಯಿತು ಎಂಬುದನ್ನಲ್ಲ. ವರದಿ ಬರೆದವರು ಈ ಎರಡೂ ಬಲೆಗಳಿಗೆ ಬೀಳದೆ, ಚಕ್ರದ ಚೌಕಟ್ಟು ಮತ್ತು ಕೊಂಡಿಯ ಕೆಳಗಿನ ಸಣ್ಣ ವ್ಯತ್ಯಾಸಗಳನ್ನು ಹಿಡಿದು ಡಬ್ಬಿಗಳ ಕಾಲವನ್ನು 1950ರ ದಶಕದ ನಡುಭಾಗಕ್ಕೆ ಇಳಿಸಿದರು, ಮತ್ತು ಆ ಡಬ್ಬಿಗಳಲ್ಲಿ ಒಂದು ಉಳಿದವುಗಳ ಜೊತೆಗೆ ಕಾರ್ಖಾನೆಯಿಂದ ಹೊರಟದ್ದಲ್ಲ ಎಂದೂ ಸೂಚಿಸಿದರು. ಹೀಗೆ ಒಂದು ಡಬ್ಬಿ ಹೊರಗಿನಿಂದ ಬಂದು ಸೇರಿಕೊಂಡಿರುವುದು ಮನೆಯಲ್ಲಿ ಆಡಿದ ಸೆಟ್ಟುಗಳಲ್ಲಿ ತೀರ ಸಾಮಾನ್ಯ.

ಇಲ್ಲಿಯವರೆಗಿನ ಕೆಲಸಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ತೊಡಕು ಶುರುವಾದದ್ದು ಹಾರ್ನ್‌ಬಿ ಡಬ್ಲೋ ಎಂಜಿನ್ನಿನಿಂದ.

ಡಬ್ಲೋ ಶ್ರೇಣಿ 1938ರಲ್ಲಿ ಲಿವರ್‌ಪೂಲಿನ ಮೆಕ್ಯಾನೋ ಕಂಪನಿಯಿಂದ ಬಂದದ್ದು. ನನ್ನ ಬಳಿ ಇರುವುದು 'ಡಚೆಸ್ ಆಫ್ ಅಥಾಲ್' ಎಂಬ ಕೆಂಗಂದು ಬಣ್ಣದ ಎಂಜಿನ್, ಸಂಖ್ಯೆ 6231. ಯುದ್ಧಕ್ಕೆ ಮುನ್ನವೇ ಯೋಜಿಸಿದ್ದರೂ ಅದು ಅಂಗಡಿಗೆ ಬಂದದ್ದು 1947ರಲ್ಲಿ. ಮೂರು ಹಳಿಗಳ ಮೇಲೆ ಓಡುವ, ಅಚ್ಚು ಎರಕದ ಭಾರವಾದ ದೇಹದ ಎಂಜಿನ್ ಅದು. ವರದಿ ಹೆಸರು, ಸಂಖ್ಯೆ, ಕಾಲ ಎಲ್ಲವನ್ನೂ ಸರಿಯಾಗಿ ಹೇಳಿ, ಸ್ಥಿತಿಯ ಅಂಕಣದಲ್ಲಿ 'ಮೂಲ ಬಣ್ಣ, ಅತ್ಯುತ್ತಮ' ಎಂದು ಬರೆದು ಅದಕ್ಕೆ ತಕ್ಕ ಎತ್ತರದ ಬೆಲೆಯನ್ನು ಕಟ್ಟಿತ್ತು. ಕೈಯಲ್ಲಿ ಹಿಡಿದು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ದೇಹವನ್ನು ಚಾಸಿಗೆ (ಕೆಳಗಿನ ಚೌಕಟ್ಟಿಗೆ) ಬಿಗಿಯುವ ಸ್ಕ್ರೂವಿನ ತಲೆಯ ಸೀಳಿನಲ್ಲಿ ಅದೇ ಕೆಂಗಂದು ಬಣ್ಣ ತುಂಬಿಕೊಂಡಿದೆ. ದೇಹಕ್ಕೆ ಬಣ್ಣ ಹಚ್ಚಿ ಒಣಗಿಸಿದ ಮೇಲೆ ಜೋಡಿಸುವ ಕಾರ್ಖಾನೆಯಲ್ಲಿ ಸ್ಕ್ರೂವಿಗೆ ಬಣ್ಣ ಬೀಳಲು ಕಾರಣವಿಲ್ಲ. ಬಾಯ್ಲರಿನ ಮೇಲಿನ ರಿವೆಟ್ಟಿನ ಸಾಲು ಚೂಪಾಗಿರಬೇಕಾದಲ್ಲಿ ದಪ್ಪ ಬಣ್ಣದ ಕೆಳಗೆ ಮೊಂಡಾಗಿದೆ. ಎಲ್ಲಕ್ಕಿಂತ ಮುಖ್ಯವಾಗಿ, ದೇಹದ ಮೇಲೆ ಒಂದು ಗೀರೂ ಇಲ್ಲ, ಆದರೆ ತಳದಲ್ಲಿ ನಡುಹಳಿಯಿಂದ ವಿದ್ಯುತ್ತನ್ನು ಎತ್ತಿಕೊಳ್ಳುವ ಚಮಚದಾಕಾರದ ಪಟ್ಟಿಗಳು ಸವೆದು ಹೊಳೆಯುತ್ತಿವೆ, ಚಕ್ರದ ಅಂಚುಗಳ ಲೇಪ ಹೋಗಿದೆ. ಅಷ್ಟು ಓಡಿದ ಎಂಜಿನ್ ಒಮ್ಮೆಯೂ ಹಳಿಯಿಂದ ಬಿದ್ದಿಲ್ಲ, ಮಗುವಿನ ಕೈಯಿಂದ ಜಾರಿಲ್ಲ ಎಂದು ನಂಬುವುದು ಹೇಗೆ?

ತಳಭಾಗದ ಚಿತ್ರ ಅವರ ಬಳಿಯೇ ಇತ್ತು ಎಂಬುದು ನನ್ನ ಆಕ್ಷೇಪದ ಮೂಲ. ಸವೆತಕ್ಕೂ ಹೊಳಪಿಗೂ ಹೊಂದಿಕೆಯಿಲ್ಲ ಎಂಬುದನ್ನು ಗಮನಿಸಲು ವಸ್ತು ಕೈಯಲ್ಲಿರಬೇಕಾಗಿಲ್ಲ, ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಸಾಕು. ನಾನು ಸ್ಕ್ರೂವಿನ ಹತ್ತಿರದ ಚಿತ್ರವನ್ನೂ ನೇರಳಾತೀತ ದೀಪದ ಕೆಳಗೆ ತೆಗೆದ ಚಿತ್ರವನ್ನೂ ಕಳುಹಿಸಿದ ಮೇಲೆ ಅವರು ವಾದ ಮಾಡದೆ ವರದಿಯನ್ನು ತಿದ್ದಿ, 'ಪೂರ್ತಿ ಮರುಬಣ್ಣ' ಎಂದು ಬರೆದು ಬೆಲೆಯನ್ನು ಗಣನೀಯವಾಗಿ ಇಳಿಸಿದರು. ಹೆಚ್ಚುವರಿ ಶುಲ್ಕ ಕೇಳಲಿಲ್ಲ. ಅದು ಅವರ ಸೌಜನ್ಯ. ಆದರೆ ಮಾರುವ ಉದ್ದೇಶದಿಂದ, ವಸ್ತುವಿನ ಬಗ್ಗೆ ಏನೂ ತಿಳಿಯದೆ ಬರುವ ಗ್ರಾಹಕ ಮೊದಲ ವರದಿಯನ್ನೇ ಹಿಡಿದುಕೊಂಡು ಹೋಗುತ್ತಾನೆ, ಖರೀದಿಸುವವನ ಮುಂದೆ ಸುಳ್ಳುಗಾರನಾಗಿ ನಿಲ್ಲುತ್ತಾನೆ. ಚಿತ್ರದಿಂದ ಖಚಿತವಾಗದ ವಿಷಯವನ್ನು 'ಮೂಲ ಬಣ್ಣವಿರುವಂತೆ ಕಾಣುತ್ತದೆ, ಕೈಯಲ್ಲಿ ಪರೀಕ್ಷಿಸಬೇಕು' ಎಂದು ಬರೆದಿದ್ದರೆ ಯಾರ ಮರ್ಯಾದೆಯೂ ಹೋಗುತ್ತಿರಲಿಲ್ಲ. ನೇರಳಾತೀತ ದೀಪದ ಬಗ್ಗೆಯೂ ಒಂದು ಎಚ್ಚರಿಕೆಯ ಮಾತು ಅಗತ್ಯ: ಹೊಸ ಬಣ್ಣ ಆ ಬೆಳಕಿನಲ್ಲಿ ಹಳೆಯದಕ್ಕಿಂತ ಬೇರೆಯಾಗಿ ಹೊಳೆಯುವುದುಂಟು, ಆದರೆ ಅದು ಅನುಮಾನವನ್ನು ಹುಟ್ಟಿಸುವ ಸಾಧನವೇ ಹೊರತು ತೀರ್ಪು ಕೊಡುವ ಸಾಧನವಲ್ಲ. ಪೆಟ್ಟಿಗೆಗಳ ವಿಷಯದಲ್ಲಿ ಅದು ಇನ್ನೂ ಹೆಚ್ಚು ಕೆಲಸಕ್ಕೆ ಬರುತ್ತದೆ. ಬಿಳಿಯನ್ನು ಹೆಚ್ಚಿಸುವ ರಾಸಾಯನಿಕ ಬೆರೆಸಿದ ಈ ಕಾಲದ ಕಾಗದ ನೀಲಿಯಾಗಿ ಬೆಳಗುವುದರಿಂದ, 1930ರ ದಶಕದ್ದು ಎಂದು ಹೇಳುವ ಪೆಟ್ಟಿಗೆಯ ಚೀಟಿ ಹಾಗೆ ಬೆಳಗಿದರೆ ಅದು ನಕಲು ಎಂದು ಬಹುತೇಕ ಧೈರ್ಯದಿಂದ ಹೇಳಬಹುದು.

ಮರುಬಣ್ಣದ ವಿಷಯವನ್ನು ಇಷ್ಟು ಎಳೆಯುವುದಕ್ಕೆ ಕಾರಣವಿದೆ. 1957ರಲ್ಲಿ ಲಯನೆಲ್ ಹುಡುಗಿಯರಿಗಾಗಿ ಎಂದು ಗುಲಾಬಿ ಎಂಜಿನ್ ಮತ್ತು ತಿಳಿಬಣ್ಣದ ಡಬ್ಬಿಗಳಿರುವ ಒಂದು ಸೆಟ್ಟನ್ನು ಹೊರತಂದಿತು. ಹುಡುಗಿಯರು ಅದನ್ನು ಬಯಸಲಿಲ್ಲ, ಅಂಗಡಿಗಳಲ್ಲಿ ಅದು ಹಾಗೇ ಉಳಿಯಿತು. ಮಾರಾಟವಾಗದ ಕಾರಣಕ್ಕೇ ಇಂದು ಅದು ಅಪರೂಪ, ಅಪರೂಪವಾದ ಕಾರಣಕ್ಕೇ ದುಬಾರಿ. ಆ ಗುಲಾಬಿ ಎಂಜಿನ್ ಬೇರೇನೂ ಅಲ್ಲ, ನನ್ನ ಸೆಟ್ಟಿನಲ್ಲಿರುವ ಅದೇ ಸಾಧಾರಣ 2037ರ ಅಚ್ಚು. ಹೀಗಿರುವಾಗ ಅಗ್ಗದ ಕಪ್ಪು ಎಂಜಿನ್ನಿಗೆ ಗುಲಾಬಿ ಬಣ್ಣ ಬಳಿಯುವ ಆಸೆ ಎಷ್ಟು ಜನಕ್ಕೆ ಬಂದಿರಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಬಣ್ಣವೇ ಬೆಲೆಯಾಗಿರುವ ವಸ್ತುಗಳಲ್ಲಿ ಬಣ್ಣದ ಪರೀಕ್ಷೆಯನ್ನು ಒಂದು ಸಾಲಿನಲ್ಲಿ ಮುಗಿಸುವ ಸೇವೆಯನ್ನು ನಂಬುವುದು ಹೇಗೆ ಎಂಬುದು ನನ್ನ ಪ್ರಶ್ನೆ.

ಕೀಲಿ ಎಂಜಿನ್ನಿನಲ್ಲಿ ಮಾತ್ರ ಅವರು ನನ್ನ ಕಣ್ಣಿಗೂ ಬೀಳದಿದ್ದದ್ದನ್ನು ಹಿಡಿದರು. ಅದರ ಹಿಂದಿನ ಚಕ್ರದ ಒಳಮೈಯಲ್ಲಿ ಕೂದಲೆಳೆಯಂಥ ಬಿರುಕುಗಳ ಜಾಲವೊಂದಿದೆ, ಚಕ್ರ ಒಂದಿಷ್ಟು ಉಬ್ಬಿದೆ. ಸತುವಿನ ಮಿಶ್ರಲೋಹವನ್ನು ಎರಕ ಹೊಯ್ಯುವಾಗ ಅದರಲ್ಲಿ ಸೀಸದಂಥ ಕಲ್ಮಶ ಸೇರಿದ್ದರೆ, ಲೋಹದ ಹರಳುಗಳ ನಡುವಿನ ಗಡಿಗಳಲ್ಲಿ ವರ್ಷಗಟ್ಟಲೆ ನಿಧಾನವಾಗಿ ತುಕ್ಕಿನಂಥ ಕ್ರಿಯೆ ನಡೆದು ವಸ್ತು ಉಬ್ಬುತ್ತದೆ, ಬಾಗುತ್ತದೆ, ಕೊನೆಗೆ ಹಿಡಿದರೆ ಪುಡಿಯಾಗುತ್ತದೆ. ತೇವ ಮತ್ತು ಶಾಖ ಇದನ್ನು ಬೇಗ ಮಾಡಿಸುತ್ತವೆ. ಒಮ್ಮೆ ಶುರುವಾದ ಮೇಲೆ ತಡೆಯುವ ಔಷಧಿ ಇಲ್ಲ. ಯುದ್ಧಪೂರ್ವದ ಎರಕದ ಚಕ್ರಗಳಲ್ಲಿ, ಅದು ಹಾರ್ನ್‌ಬಿಯದಿರಲಿ, ಮಾರ್ಕ್ಲಿನ್‌ನದಿರಲಿ, ಲಯನೆಲ್‌ನದಿರಲಿ, ಈ ರೋಗ ಎಲ್ಲೆಡೆ ಕಾಣುತ್ತದೆ. ವರದಿ ಇದನ್ನು ಹೆಸರಿಸಿ, ಕೀಲಿ ಕೊಟ್ಟು ಓಡಿಸಬಾರದೆಂದು ಎಚ್ಚರಿಸಿ, ಚಕ್ರಗಳನ್ನು ಹೊಸದಾಗಿ ಎರಕ ಹೊಯ್ದು ಮಾರುವವರಿದ್ದಾರೆ, ಬದಲಿಸಿದರೆ ಅದನ್ನು ಮುಂದೆ ಕೊಳ್ಳುವವರಿಗೆ ತಿಳಿಸಬೇಕು, ಹಳೆಯ ಚಕ್ರಗಳನ್ನು ಎಸೆಯದೆ ಚೀಲದಲ್ಲಿಟ್ಟು ಜೊತೆಗೇ ಕೊಡಬೇಕು ಎಂದಿತ್ತು. ಈ ಕೊನೆಯ ಸಲಹೆಯನ್ನು ಕೊಡುವವನು ವ್ಯಾಪಾರಿಯಲ್ಲ, ನಿಜವಾದ ಸಂಗ್ರಾಹಕ.

ಬೆಲೆಯ ವಿಚಾರಕ್ಕೆ ಬರೋಣ. ಪ್ರತಿ ವಸ್ತುವಿಗೂ ವರದಿ ಒಂದೇ ಒಂದು ಅಂಕಿಯನ್ನು ಕೊಡುತ್ತದೆ, ಅದರ ಪಕ್ಕದಲ್ಲಿ 'ಅತ್ಯುತ್ತಮ', 'ಉತ್ತಮ' ಎಂಬಂಥ ಒಂದು ಪದವನ್ನು ಇಡುತ್ತದೆ. ಆ ಪದ ಯಾವ ಅಳತೆಗೋಲಿನದು ಎಂದು ಎಲ್ಲಿಯೂ ಹೇಳುವುದಿಲ್ಲ. 1954ರಲ್ಲಿ ಸ್ಥಾಪನೆಯಾದ ಅಮೆರಿಕದ ಆಟಿಕೆ ರೈಲು ಸಂಗ್ರಾಹಕರ ಸಂಘ ರೂಪಿಸಿದ, ಒಂದರಿಂದ ಹತ್ತರವರೆಗಿನ ಸ್ಥಿತಿಸೂಚಿ ಬಹುಕಾಲದಿಂದ ಬಳಕೆಯಲ್ಲಿದೆ. ವಸ್ತುವಿಗೆ 'ಸಿ' ಅಕ್ಷರದೊಂದಿಗೆ, ಪೆಟ್ಟಿಗೆಗೆ 'ಪಿ' ಅಕ್ಷರದೊಂದಿಗೆ ಬೇರೆ ಬೇರೆ ಅಂಕ ಕೊಡುವ ಪದ್ಧತಿ ಅದು. ಸಿ-6ಕ್ಕೂ ಸಿ-8ಕ್ಕೂ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸ ಸಣ್ಣದು, ಕೈಗೆ ಬರುವ ಹಣದ ವ್ಯತ್ಯಾಸ ದೊಡ್ಡದು. ಪೆಟ್ಟಿಗೆಯನ್ನು ಬೇರೆಯಾಗಿ ಅಳೆಯದಿರುವುದು ಇನ್ನೂ ದೊಡ್ಡ ಲೋಪ. ಮಕ್ಕಳು ರೈಲನ್ನು ಉಳಿಸಿಕೊಂಡರು, ರಟ್ಟನ್ನು ಹರಿದು ಎಸೆದರು. ಆದ್ದರಿಂದಲೇ ಸಾಧಾರಣ ಸೆಟ್ಟುಗಳಲ್ಲಿ ಕೆಲವೊಮ್ಮೆ ಒಳಗಿನ ರೈಲಿಗಿಂತ ಸೆಟ್ಟಿನ ಸಂಖ್ಯೆ ಅಚ್ಚಾಗಿರುವ ಹೊರಗಿನ ಪೆಟ್ಟಿಗೆಗೇ ಹೆಚ್ಚು ಹುಡುಕಾಟ. ನನ್ನ ಲಯನೆಲ್ ಸೆಟ್ಟಿನ ಹೊರಪೆಟ್ಟಿಗೆಯ ಒಂದು ಮುಚ್ಚಳ ಹರಿದಿದೆ, ಉಳಿದದ್ದು ಗಟ್ಟಿಯಾಗಿದೆ. ಅದರ ಬಗ್ಗೆ ವರದಿಯಲ್ಲಿ 'ಪೆಟ್ಟಿಗೆ ಇದೆ' ಎಂಬ ಎರಡೇ ಪದ.

ಆ ಒಂಟಿ ಅಂಕಿ ಎಲ್ಲಿಂದ ಬಂತು ಎಂದು ಕೇಳಿದಾಗ ಬಂದ ಉತ್ತರ ನನಗೆ ತೃಪ್ತಿ ಕೊಡಲಿಲ್ಲ. ಮಾರಾಟಕ್ಕಿಟ್ಟವರು ಕೇಳುತ್ತಿರುವ ಬೆಲೆಗಳನ್ನೂ ನಿಜವಾಗಿ ಮಾರಾಟವಾದ ಬೆಲೆಗಳನ್ನೂ ಕೂಡಿಸಿ ಸರಾಸರಿ ತೆಗೆಯುತ್ತಾರಂತೆ. ಇದನ್ನು ಲೆಕ್ಕವೆಂದು ಒಪ್ಪಲಾಗದು. ವರ್ಷಗಟ್ಟಲೆ ಯಾರೂ ಕೊಳ್ಳದೆ ಕುಳಿತಿರುವ ಎಂಜಿನ್ನಿನ ಮೇಲಿನ ಚೀಟಿ ಮಾರುವವನ ಆಸೆಯನ್ನು ಹೇಳುತ್ತದೆ, ಮಾರುಕಟ್ಟೆಯನ್ನಲ್ಲ. ಇಬೇಯಂಥ ತಾಣಗಳಲ್ಲಿ ಮಾರಾಟವಾದ ವಸ್ತುಗಳನ್ನಷ್ಟೇ ತೋರಿಸುವ ಆಯ್ಕೆ ಇರುವುದು ಇದೇ ಕಾರಣಕ್ಕೆ ಉಪಯುಕ್ತ. ಮೇಲಾಗಿ ಬೆಲೆ ಎಂಬುದು ಒಂದಲ್ಲ. ಹರಾಜಿನಲ್ಲಿ ಸುತ್ತಿಗೆ ಬಿದ್ದ ಮೊತ್ತ ಒಂದು, ಅದರ ಮೇಲೆ ಕೊಳ್ಳುವವನು ಹರಾಜು ಸಂಸ್ಥೆಗೆ ಕೊಡುವ ಹೆಚ್ಚುವರಿ ಸೇರಿದ ಮೊತ್ತ ಇನ್ನೊಂದು, ಮಾರುವವನಿಗೆ ದಲ್ಲಾಳಿಯ ಹಣ ಕಳೆದು ಉಳಿಯುವುದು ಮತ್ತೊಂದು. ವ್ಯಾಪಾರಿ ತನ್ನ ಲಾಭಕ್ಕೆ ಜಾಗ ಬಿಟ್ಟುಕೊಂಡು ಕೊಡುವ ಬೆಲೆ ಎಲ್ಲಕ್ಕಿಂತ ಕೆಳಗಿರುತ್ತದೆ. ಕಳೆದುಹೋದರೆ ಅಂಥದ್ದನ್ನೇ ಮತ್ತೆ ಕೊಳ್ಳಲು ಬೇಕಾಗುವ ವಿಮೆಯ ಬೆಲೆ ಎಲ್ಲಕ್ಕಿಂತ ಮೇಲಿರುತ್ತದೆ. ಇವುಗಳಲ್ಲಿ ಯಾವುದನ್ನು ತಾವು ಕೊಡುತ್ತಿದ್ದೇವೆ ಎಂದು ಹೇಳದ ವರದಿಯನ್ನು ವಿಮಾ ಕಂಪನಿಗೂ ಕೊಡಲಾಗದು, ಆಸ್ತಿ ಹಂಚಿಕೆಗೂ ಬಳಸಲಾಗದು. ಬಾಲ್ಯದಲ್ಲಿ ಇವುಗಳೊಡನೆ ಆಡಿದ ಪೀಳಿಗೆಗೆ ವಯಸ್ಸಾಗಿ ಅವರ ಸಂಗ್ರಹಗಳು ಒಂದರ ಹಿಂದೆ ಒಂದು ಮಾರುಕಟ್ಟೆಗೆ ಬರುತ್ತಿರುವುದರಿಂದ, 2037ರಂಥ ಸಾಧಾರಣ ವಸ್ತುಗಳಿಗೆ ಹಿಂದಿದ್ದ ಬಿಸಿ ಈಗ ಇಲ್ಲ ಎಂಬುದನ್ನೂ ವರದಿಯಲ್ಲಿ ಎಲ್ಲಾದರೂ ಹೇಳಬೇಕಿತ್ತು.

ಉಳಿದ ವಿಷಯಗಳು ಚುಟುಕಾಗಿ: ವರದಿ ಹೇಳಿದ ಅವಧಿಯೊಳಗೆ ಬಂತು, ಭಾಷೆ ಸ್ಪಷ್ಟವಾಗಿತ್ತು, ಚಿತ್ರಗಳ ಮೇಲೆ ಬಾಣದ ಗುರುತು ಹಾಕಿ ವಿವರಿಸಿದ್ದು ಬಹಳ ಅನುಕೂಲವಾಯಿತು. ಶುಲ್ಕವನ್ನು ಸೆಟ್ಟಿಗೆ ಇಷ್ಟು ಎಂದು ತೆಗೆದುಕೊಳ್ಳದೆ ಬಿಡಿ ವಸ್ತುವಿಗೆ ಇಷ್ಟು ಎಂದು ಲೆಕ್ಕ ಹಾಕುವುದರಿಂದ ಡಬ್ಬಿಗಳು ಹೆಚ್ಚಿರುವ ಸೆಟ್ಟಿಗೆ ಅದು ದುಬಾರಿಯಾಗುತ್ತದೆ, ಸಾಧಾರಣ ಸೆಟ್ಟಾದರೆ ಶುಲ್ಕವೇ ಬೆಲೆಯ ಹತ್ತಿರ ಬಂದರೂ ಆಶ್ಚರ್ಯವಿಲ್ಲ. ಹಳೆಯ ಟ್ರಾನ್ಸ್‌ಫಾರ್ಮರಿನ ತಂತಿಯ ಹೊದಿಕೆ ಒಣಗಿ ಬಿರಿದಿದ್ದರೆ ಅದನ್ನು ಗೋಡೆಯ ಪ್ಲಗ್ಗಿಗೆ ಹಾಕಲೇಬಾರದು ಎಂಬ ಎಚ್ಚರಿಕೆ ಅರ್ಜಿಯ ಮೊದಲ ಪುಟದಲ್ಲಿರಬೇಕಿತ್ತು, 'ಓಡುತ್ತದೆಯೇ?' ಎಂದು ಅವರು ಕೇಳುವ ಪ್ರಶ್ನೆಯೇ ಜನರನ್ನು ಅದಕ್ಕೆ ಪ್ರೇರೇಪಿಸುತ್ತದೆ.

ಮನೆಯ ಅಟ್ಟದಲ್ಲಿ ಸಿಕ್ಕ ರೈಲು ಯಾವುದೆಂದೇ ತಿಳಿಯದವರು ಈ ಸೇವೆಯನ್ನು ಧಾರಾಳವಾಗಿ ಬಳಸಬಹುದು. ಮಾರಲು ಹೊರಟವರು ಗುರುತಿನ ಭಾಗವನ್ನಷ್ಟೇ ತೆಗೆದುಕೊಂಡು, ಅದರಲ್ಲಿರುವ ಸಂಖ್ಯೆಗಳನ್ನು ಹಿಡಿದು ಮಾರಾಟವಾದ ಬೆಲೆಗಳನ್ನು ತಾವೇ ಹುಡುಕುವುದು ಮೇಲು. ಬೆಲೆಯ ಭಾಗವನ್ನು ಬಿಟ್ಟು ಗುರುತಿಸಲು ಮಾತ್ರ ಕಡಿಮೆ ಶುಲ್ಕದ ಒಂದು ಆಯ್ಕೆ ಅವರಲ್ಲೇ ಇದೆ, ಜಾಲತಾಣದ ಪುಟದ ಕೆಳತುದಿಯವರೆಗೆ ಹೋಗಿ ನೋಡಬೇಕು ಅಷ್ಟೆ. ವಸ್ತುವನ್ನೇ ಅಂಚೆಯಲ್ಲಿ ಕಳುಹಿಸಿ ಕೈಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳುವ ದುಬಾರಿ ಆಯ್ಕೆಯೂ ಇದೆ. ಅದನ್ನು ನಾನು ಬಳಸಲಿಲ್ಲ. ಡಬ್ಲೋ ಎಂಜಿನ್ನಿಗೆ ಅದರ ಅಗತ್ಯವಿರಲಿಲ್ಲ, ಬಿರುಕು ಬಿಟ್ಟ ಚಕ್ರದ ಕೀಲಿ ಎಂಜಿನ್ನನ್ನು ಯಾವ ಅಂಚೆಯವರ ಕೈಗೂ ಕೊಡುವ ಮನಸ್ಸು ನನಗಿಲ್ಲ.